ನೆಲ ಯಾರದೂ ಅಲ್ಲವಂತೆ. ಹಾಗಾದರೆ ಬಾಡಿಗೆ ಯಾರಿಗೆ?

"ಸ್ವತ್ತಿನ ಹಕ್ಕು ಪವಿತ್ರವಾದದ್ದು, ಇಂಗ್ಲೆಂಡನ್ನು ನೋಡಿ ಕಲಿಯಿರಿ" ಎಂದು ನಮಗೆ ಬುದ್ಧಿ ಹೇಳುವ ಮಹನೀಯರು ಈಗಲೂ ಕಡಿಮೆಯಿಲ್ಲ. ಗೇಣಿಯ ಮಾತೆತ್ತಿದರೆ, ಮಳಿಗೆಯ ಬಾಡಿಗೆಯ ಮಾತೆತ್ತಿದರೆ, ಖಾಲಿ ಬಿದ್ದ ನಿವೇಶನಗಳ ಮೇಲೆ ತೆರಿಗೆ ಹಾಕಿ ಎಂದರೆ, ಕೂಡಲೇ ಇಂಗ್ಲಿಷರ ಕಾನೂನಿನ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸಲು ನೋಡುತ್ತಾರೆ. ಅಲ್ಲಿ ಒಡೆಯನ ನೆಲವನ್ನು ಸರ್ಕಾರವೂ ಮುಟ್ಟುವಂತಿಲ್ಲವಂತೆ. ಒಳ್ಳೆಯದು. ಆ ಕಾನೂನನ್ನೇ ಬಿಚ್ಚಿ ನೋಡೋಣ. ಗಿರಣಿಯ ಪಾಳಿ ಮುಗಿಸಿ ಬಂದವರಿಗೂ, ಅಂಗಡಿಯ ಬಾಗಿಲು ಹಾಕಿ ಕೂತವರಿಗೂ ಅರ್ಥವಾಗದಂಥ ಬ್ರಹ್ಮವಿದ್ಯೆ ಅದರಲ್ಲಿ ಏನೂ ಇಲ್ಲ.

ಅದರ ಮೊದಲನೆಯ ಪಾಠವೇ ಈ ಮಹನೀಯರ ಬಾಯಿಗೆ ಬೀಗ ಹಾಕುವಂಥದು. ಇಂಗ್ಲೆಂಡಿನಲ್ಲಿ ಯಾವ ಖಾಸಗಿ ಮನುಷ್ಯನೂ ನೆಲದ ಪೂರ್ಣ ಒಡೆಯನಲ್ಲ. ಕಾನೂನಿನ ಕಣ್ಣಿನಲ್ಲಿ ನೆಲವೆಲ್ಲ ರಾಜಪೀಠದ್ದು. ಪ್ರಭುವಾಗಲಿ, ಬ್ಯಾಂಕಾಗಲಿ, ಪಿಂಚಣಿ ಪಡೆಯುವ ಮುದುಕನಾಗಲಿ, ಉಳಿದವರೆಲ್ಲ ಹಿಡುವಳಿದಾರರು. ಅವರ ಕೈಯಲ್ಲಿರುವುದಕ್ಕೆ ಕಾನೂನು ಕೊಟ್ಟ ಹೆಸರು ಎಸ್ಟೇಟು. ಎಸ್ಟೇಟು ಎಂದರೆ ನಮ್ಮವರಿಗೆ ನೆನಪಾಗುವುದು ಕೊಡಗಿನ ಕಾಫಿ ತೋಟ. ಇಂಗ್ಲಿಷ್ ಕಾನೂನಿನಲ್ಲಿ ಅದು ನೆಲವಲ್ಲ, ನೆಲವನ್ನು ಹಿಡಿದುಕೊಂಡಿರುವ ಕಾಲಾವಧಿ. ಇವನಿಗೆ ಇಷ್ಟು ಕಾಲ ಈ ನೆಲದ ಮೇಲೆ ಹಕ್ಕು ಎಂಬುದಷ್ಟೇ ಅದರ ಅರ್ಥ. ಹಿಡಿದವನು ವಾರಸುದಾರರಿಲ್ಲದೆ, ಉಯಿಲು ಬರೆಯದೆ ಸತ್ತರೆ ಆಸ್ತಿ ಇಂದಿಗೂ ರಾಜಪೀಠಕ್ಕೇ ಮರಳುತ್ತದೆ.

ಅಂದಮೇಲೆ ನಾವು ಕೇಳುವ ಪ್ರಶ್ನೆ ಒಂದೇ. ನೆಲ ಯಾರದೂ ಅಲ್ಲವಾದರೆ, ಅದರ ಮೇಲೆ ಕೂತು ಬಾಡಿಗೆ ಎತ್ತುವ ಅಧಿಕಾರ ಇವರಿಗೆ ಬಂದದ್ದು ಎಲ್ಲಿಂದ?

ಉಂಬಳಿ ಉಳಿಯಿತು, ಊಳಿಗ ಹೋಯಿತು

1066ರಲ್ಲಿ ಕಡಲಾಚೆಯ ನಾರ್ಮಂಡಿಯಿಂದ ಬಂದ ವಿಲಿಯಂ ಕಾಳಗದಲ್ಲಿ ಗೆದ್ದು ಇಡೀ ಇಂಗ್ಲೆಂಡಿನ ನೆಲ ತನ್ನದೆಂದ. ತನ್ನ ಜೊತೆಗೆ ಬಂದ ದಂಡನಾಯಕರಿಗೆ ಅದನ್ನು ಹಂಚಿದ. 1086ರಲ್ಲಿ ಯಾರ ಕೈಯಲ್ಲಿ ಎಷ್ಟು ನೆಲ, ಎಷ್ಟು ನೇಗಿಲು, ಎಷ್ಟು ಗಿರಣಿ ಎಂದು ಎಣಿಸಿ ದಫ್ತರ ಬರೆಸಿದ. ಡೂಮ್ಸ್‌ಡೇ ದಫ್ತರವೆಂದು ಇಂದಿಗೂ ಹೆಸರಾದದ್ದು ಅದೇ. ಆದರೆ ಆ ಹಂಚಿಕೆ ದಾನವಾಗಿರಲಿಲ್ಲ. ನಮ್ಮ ಪಾಳೆಯಗಾರರ ಕಾಲದ ಉಂಬಳಿಯನ್ನು ನೆನೆಸಿಕೊಳ್ಳಿ. ಊಳಿಗ ಮಾಡಿದವನಿಗೆ ಉಂಬಳಿ, ಊಳಿಗ ತಪ್ಪಿದರೆ ಉಂಬಳಿಯೂ ತಪ್ಪಿತು. ಅಲ್ಲಿಯೂ ಹಾಗೆಯೇ. ಇಷ್ಟು ನೆಲ ಹಿಡಿದವನು ಇಷ್ಟು ಸವಾರರನ್ನು ಯುದ್ಧಕ್ಕೆ ಒದಗಿಸಬೇಕು, ಇಂತಿಂಥ ಕಾಣಿಕೆ ಸಲ್ಲಿಸಬೇಕು. ನೆಲವೆಂದರೆ ಹಕ್ಕು ಮತ್ತು ಹೊಣೆ, ಎರಡೂ ಕೂಡಿದ್ದು.

ಈ ವ್ಯವಸ್ಥೆ ನ್ಯಾಯವಾಗಿತ್ತೆಂದು ನಾವು ಹೇಳುತ್ತಿಲ್ಲ. ಅದು ಗೆದ್ದವರ ಪಾಲುಗಾರಿಕೆ. ಕೆಳಗಿದ್ದ ಉಳುವವನು ಬಿಟ್ಟಿ ದುಡಿಯುವವನೇ ಆಗಿದ್ದ. ಆದರೆ ನೆಲ ಹಿಡಿದವನಿಗೆ ರಾಜ್ಯದ ಋಣವುಂಟು ಎಂಬ ತತ್ವವಾದರೂ ಅದರಲ್ಲಿ ಇತ್ತು.

ಆ ಋಣ ಹೋದದ್ದು 1660ರಲ್ಲಿ. ಆಗ ಪಾರ್ಲಿಮೆಂಟಿನಲ್ಲಿ ಕೂತಿದ್ದವರು ಬಹುಪಾಲು ಭೂಮಾಲೀಕರೇ. ಯುದ್ಧಸೇವೆಯ ಬಾಬ್ತು ಬರುತ್ತಿದ್ದ ಹೊಣೆಗಳನ್ನೆಲ್ಲ ಅವರು ಒಂದೇ ಶಾಸನದಿಂದ ರದ್ದು ಮಾಡಿಕೊಂಡರು. ಹಾಗಾದರೆ ರಾಜನ ಬೊಕ್ಕಸಕ್ಕೆ ಬಿದ್ದ ಖೋತಾ ತುಂಬಿದವರು ಯಾರು? ಅದೇ ಶಾಸನದಲ್ಲಿ ಬಿಯರಿನ ಮೇಲೆ, ಸೇಬಿನ ಹೆಂಡದ ಮೇಲೆ, ಕಾಫಿ ಚಹಗಳ ಮೇಲೆ ಅಬಕಾರಿ ಸುಂಕ ಹಾಕಿದರು! ಪ್ರಭುವಿನ ತಲೆಯ ಮೇಲಿದ್ದ ಹೊರೆಯನ್ನು ಇಳಿಸಿ, ದಿನವೆಲ್ಲ ದುಡಿದು ಸಂಜೆ ಒಂದು ಲೋಟ ಕುಡಿಯುವ ಕೂಲಿಕಾರನ ತಲೆಗೆ ಕಟ್ಟಿದರು. ಉಂಬಳಿ ಉಳಿಯಿತು, ಊಳಿಗ ಹೋಯಿತು. ಇವತ್ತು "ಪವಿತ್ರ ಸ್ವತ್ತು" ಎನ್ನುತ್ತಾರಲ್ಲ, ಅದರ ಹುಟ್ಟು ಇಲ್ಲಿದೆ.

ಬೇಲಿ ಎದ್ದು ಹೊಲ ಮೇಯ್ದದ್ದು

ಪ್ರಭುಗಳಿಗೆ ಅಷ್ಟೂ ಸಾಲಲಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿಯೂ ನಮ್ಮ ಗೋಮಾಳದಂಥ ನೆಲವಿತ್ತು. ಬಡವನ ಹಸು ಮೇಯುವುದಕ್ಕೆ, ಸೌದೆ ತರುವುದಕ್ಕೆ, ಕೊಯ್ಲಾದ ಮೇಲೆ ತೆನೆ ಆಯುವುದಕ್ಕೆ ಊರಿನವರಿಗೆ ರೂಢಿಯ ಹಕ್ಕಿತ್ತು. ಅದರ ಸುತ್ತ ಬೇಲಿ ಹಾಕುವ ಕೆಲಸ ಶುರುವಾಯಿತು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯಿದೆಗಳನ್ನು ಪಾಸು ಮಾಡಿತು. ಹೀಗೆ ಬೇಲಿಯೊಳಗೆ ಹೋದ ನೆಲ ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಒಟ್ಟು ನೆಲದ ಐದನೆಯ ಒಂದು ಪಾಲಿಗೂ ಮಿಕ್ಕಿ. ಬೇಲಿಯೇ ಎದ್ದು ಹೊಲ ಮೇಯ್ದಿತೆಂದು ನಾವು ಗಾದೆ ಹೇಳುತ್ತೇವೆ. ಅಲ್ಲಿ ಅದನ್ನು ಕಾಯಿದೆ ಮಾಡಿ ನಡೆಸಿದರು. ನೆಲ ಕಳೆದುಕೊಂಡವರಲ್ಲಿ ಅನೇಕರು ಪಟ್ಟಣದ ದಾರಿ ಹಿಡಿದರು. ಗಿರಣಿಗಳಿಗೆ ಅಗ್ಗದ ಕೈಗಳು ಸಿಕ್ಕವು.

ಎದುರು ನಿಂತವರು ಇರಲಿಲ್ಲವೆಂದಲ್ಲ. 1649ರಲ್ಲಿ ಜೆರಾರ್ಡ್ ವಿನ್‌ಸ್ಟಾನ್ಲಿ ಮತ್ತು ಅವನ ಸಂಗಾತಿಗಳು ಸರ್ರೆ ಪ್ರಾಂತದ ಸೇಂಟ್ ಜಾರ್ಜ್ ಗುಡ್ಡದ ಮೇಲೆ ಗುದ್ದಲಿ ಹಿಡಿದು ಬೀಳುನೆಲ ಅಗೆದರು. ಭೂಮಿ ಎಲ್ಲರ ಸಾಮಾನ್ಯ ಭಂಡಾರವೆಂದು ಸಾರಿದರು. ಅವರನ್ನು ಹೊಡೆದು ಓಡಿಸಿದರು. ಆ ಗುಡ್ಡ ಇಂದು ಕಾವಲು ಬಾಗಿಲಿನೊಳಗಿನ ಸಿರಿವಂತರ ಬಡಾವಣೆ. ಗಾಲ್ಫ್ ಆಟದ ಮೈದಾನ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ದುಡಿಯುವ ತರುಣರು, ರಜಾದಿನ ಬೆಟ್ಟ ಹತ್ತಿ ಗಾಳಿ ಕುಡಿಯಲು, ಪ್ರಭುಗಳ ಬೇಟೆಗೆ ಮೀಸಲಾಗಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಗುಂಪಾಗಿ ನುಗ್ಗಿದರು. ಬೆನ್ನಿ ರಾಥ್‌ಮನ್ ಎಂಬ ಯುವಕ ಅವರ ಮುಂದಾಳು. ಅವನೂ ಸೇರಿ ಐದು ಮಂದಿಗೆ ಸೆರೆವಾಸವಾಯಿತು. ಬೆಟ್ಟಬಯಲುಗಳಲ್ಲಿ ಓಡಾಡುವ ಹಕ್ಕನ್ನು ಕೊಡುವ ಕಾಯಿದೆ ಬರಬೇಕಾದರೆ 2000ನೆಯ ಇಸವಿಯಾಯಿತು. ಆಗಲೂ ದಕ್ಕಿದ್ದು ಇಂಗ್ಲೆಂಡಿನ ನೆಲದ ಶೇಕಡಾ 8ರಷ್ಟು!

ಇನ್ನೊಂದು ಕಡೆ ನೋಡಿ. 2012ರಲ್ಲಿ ಬಂದ ಕಾಯಿದೆಯ ಪ್ರಕಾರ, ಸೂರಿಲ್ಲದವನು ಖಾಲಿ ಬಿದ್ದ ವಾಸದ ಮನೆಯನ್ನು ಅತಿಕ್ರಮಿಸಿ ಹೊಕ್ಕು ನೆಲೆಸಿದರೆ ಅದು ಅಪರಾಧ, ಜೈಲು ಉಂಟು. ಲಕ್ಷಾಂತರ ಎಕರೆ ಊರೊಟ್ಟಿನ ನೆಲಕ್ಕೆ ಬೇಲಿ ಹಾಕಿದರೆ ಶಾಸನ, ಖಾಲಿ ಮನೆಯಲ್ಲಿ ಒಂದು ರಾತ್ರಿ ತಲೆಯೂರಿದರೆ ಅಪರಾಧ. ಇದನ್ನು ಧರ್ಮವೆನ್ನುವವರು ಎದೆ ಮುಟ್ಟಿಕೊಂಡು ಹೇಳಲಿ.

ಕೊಂಡರೂ ತನ್ನದಲ್ಲದ ಮನೆ

1925ರಲ್ಲಿ ಇಂಗ್ಲಿಷರು ಹಳೆಯ ಕಾನೂನಿನ ಕಸ ಗುಡಿಸಿದರು. ಬಗೆಬಗೆಯ ಎಸ್ಟೇಟುಗಳನ್ನು ತೆಗೆದು, ಕಾನೂನುಬದ್ಧವಾದವು ಎರಡೇ ಎಂದರು. ಒಂದು ಫ್ರೀಹೋಲ್ಡು, ಅಂದರೆ ಕೊನೆಯಿಲ್ಲದ ಹಿಡುವಳಿ. ಇನ್ನೊಂದು ಲೀಸ್‌ಹೋಲ್ಡು, ಅಂದರೆ ಇಂತಿಷ್ಟು ವರ್ಷದ ಗುತ್ತಿಗೆ. ಕೇಳುವುದಕ್ಕೆ ಚೊಕ್ಕವಾಗಿದೆ. ಅನ್ಯಾಯ ಅಡಗಿರುವುದು ಎರಡನೆಯದರಲ್ಲಿ.

ನಮ್ಮಲ್ಲಿ ಲೀಸಿಗೆ ಮನೆ ಹಿಡಿದವನು ಬಿಟ್ಟು ಹೊರಡುವಾಗ ಕೊಟ್ಟ ಗಂಟನ್ನು ವಾಪಸು ಎಣಿಸಿಕೊಳ್ಳುತ್ತಾನೆ. ಅಲ್ಲಿ ಹಾಗಲ್ಲ. ಮನೆಯ ಪೂರ್ತಿ ಬೆಲೆ ಕೊಟ್ಟು 99 ವರ್ಷದ್ದೋ 125 ವರ್ಷದ್ದೋ ಲೀಸು ಕೊಳ್ಳುತ್ತಾನೆ. ಅದಕ್ಕಾಗಿ ಬ್ಯಾಂಕಿನ ಸಾಲ ತೀರಿಸುತ್ತ ಅರ್ಧ ಆಯುಸ್ಸು ಕಳೆಯುತ್ತಾನೆ. ಮೇಲೆ ನೆಲಬಾಡಿಗೆ, ನಿರ್ವಹಣೆಯ ಖರ್ಚು. ಅವಧಿ ಮುಗಿದರೆ ಕಟ್ಟಿದ ಗೋಡೆಯೂ ಹಾಕಿದ ಬಾಗಿಲೂ ನೆಲದ ಧಣಿಯ ಪಾಲು. ಇಂಗ್ಲೆಂಡಿನಲ್ಲಿ ಇಂಥ ಮನೆಗಳು ಐವತ್ತು ಲಕ್ಷದ ಹತ್ತಿರ ಇವೆ. 2002ರ ಕಾಯಿದೆ ಧಣಿಯ ಕೈಯನ್ನು ಕಟ್ಟಿಹಾಕಿದೆ ಎನ್ನುತ್ತಾರೆ. ಎಷ್ಟು ಕಟ್ಟಿದೆ? ಬಾಕಿ 350 ಪೌಂಡು ಮೀರಿದರೆ, ಅಥವಾ ಮೂರು ವರ್ಷಕ್ಕಿಂತ ಹಳತಾದರೆ, ಲೀಸನ್ನೇ ಮುಟ್ಟುಗೋಲು ಹಾಕಿಕೊಳ್ಳುವ ಕ್ರಮಕ್ಕೆ ಆ ಕಾಯಿದೆಯಲ್ಲಿಯೇ ದಾರಿ ಬಿಟ್ಟಿದ್ದಾರೆ!

ಮಹಡಿ ಮನೆಗಳನ್ನು ಲೀಸಿನ ಮೇಲೆಯೇ ಏಕೆ ಮಾರುತ್ತಾರೆ? ಅದಕ್ಕೆ ಕಾನೂನೇ ಒಂದು ನೆಪ ಒದಗಿಸಿದೆ. ನೆಲದ ಮೇಲೆ "ಮಾಡಬೇಡ" ಎಂಬ ಷರತ್ತು ಹಾಕಿದರೆ ಅದು ಮುಂದೆ ಕೊಂಡವನನ್ನೂ ಕಟ್ಟುತ್ತದೆ. 1848ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದ ಉದ್ಯಾನದ ಮೊಕದ್ದಮೆಯಲ್ಲಿ ಹಾಗೆ ತೀರ್ಮಾನವಾಯಿತು. ಆದರೆ "ಸೂರು ರಿಪೇರಿ ಮಾಡು, ಖರ್ಚು ಕೊಡು" ಎಂಬ ಷರತ್ತು ಫ್ರೀಹೋಲ್ಡು ಕೊಂಡ ಮುಂದಿನವನನ್ನು ಕಟ್ಟುವುದಿಲ್ಲ. ಲೀಸಿನಲ್ಲಾದರೆ ಕಟ್ಟುತ್ತದೆ. ಅದಕ್ಕಾಗಿ ಲೀಸು ಎಂದರು. ಸರಿ, 2002ರಲ್ಲಿ ಇದಕ್ಕೆ ಪರಿಹಾರವಾಗಿ ಕಾಮನ್‌ಹೋಲ್ಡು ಎಂಬ ಹೊಸ ಪದ್ಧತಿ ತಂದರು. ವಾಸಿಸುವವರೇ ಕೂಡಿ ಕಟ್ಟಡದ ಒಡೆಯರಾಗುವ ಸಹಕಾರದ ಪದ್ಧತಿ. ಎರಡು ದಶಕ ಕಳೆದರೂ ಹಾಗೆ ಕಟ್ಟಿದ ಸಮುಚ್ಚಯಗಳು ಇಪ್ಪತ್ತನ್ನು ಮುಟ್ಟಲಿಲ್ಲ. ಏಕೆಂದರೆ ಆರಿಸುವ ಅಧಿಕಾರವನ್ನು ಕಟ್ಟುವವನ ಕೈಗೆ ಕೊಟ್ಟಿದ್ದರು. ಬಾಡಿಗೆಯ ಮರವನ್ನು ಯಾವ ಧಣಿ ತಾನಾಗಿ ಕಡಿಯುತ್ತಾನೆ?

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರ ಹೊತ್ತಿ ಉರಿದು 72 ಮಂದಿ ಸತ್ತರು. ಗೋಡೆಗೆ ಹೊದಿಸಿದ್ದ ಹಾಳೆಗಳೇ ಬೆಂಕಿಯನ್ನು ಮೇಲಕ್ಕೊಯ್ದವು. ಆಮೇಲೆ ನಾಡಿನ ಎಷ್ಟೋ ಕಟ್ಟಡಗಳಲ್ಲಿ ಇಂಥದೇ ಅಪಾಯ ಕಂಡುಬಂತು. ಹಾಕಿದವನು ಕಂತ್ರಾಟುದಾರ, ಒಡೆಯ ಇನ್ನೊಬ್ಬ. ಆದರೆ ತೆಗೆಸುವ ಖರ್ಚಿನ ಬಿಲ್ಲು ಬಂದದ್ದು ಲೀಸುದಾರನ ಮನೆಬಾಗಿಲಿಗೆ! ಮನೆ ಮಾರುವಂತಿಲ್ಲ, ಇರುವಂತಿಲ್ಲ. 2022ರಲ್ಲಿ ಪಾರ್ಲಿಮೆಂಟು ಒಂದಿಷ್ಟು ರಕ್ಷಣೆ ಕೊಡುವಷ್ಟರಲ್ಲಿ ಎಷ್ಟೋ ಸಂಸಾರಗಳು ನುಚ್ಚುನೂರಾಗಿದ್ದವು. ಸ್ವತ್ತು ಪವಿತ್ರವಂತೆ. ಯಾರ ಸ್ವತ್ತು?

ಧಣಿಯ ಸ್ವತ್ತು ಹೇಗೆ ಬಂತೆಂಬುದಕ್ಕೂ ಒಂದು ಉದಾಹರಣೆ ಸಾಕು. 1677ರಲ್ಲಿ ಥಾಮಸ್ ಗ್ರೋವ್ನರ್ ಎಂಬವನು ಹನ್ನೆರಡು ವರ್ಷದ ಮೇರಿ ಡೇವಿಸ್ ಎಂಬ ಹುಡುಗಿಯನ್ನು ಮದುವೆಯಾದ. ಹುಡುಗಿಯ ಜೊತೆಗೆ ಲಂಡನ್ನಿನ ಹೊರವಲಯದ ಸುಮಾರು 500 ಎಕರೆ ಜೌಗು ಮತ್ತು ಹುಲ್ಲುಗಾವಲು ಬಂತು. ಊರು ಬೆಳೆದು ಆ ಜೌಗೇ ಇಂದಿನ ಮೇಫೇರ್, ಬೆಲ್‌ಗ್ರೇವಿಯ ಆಯಿತು. ವೆಸ್ಟ್‌ಮಿನ್‌ಸ್ಟರ್‌ನ ಡ್ಯೂಕ್ ಮನೆತನದ ಐಶ್ವರ್ಯದ ಬೇರು ಇದೇ. ಗಾರೆ ಕಲಸಿದವನು, ಚರಂಡಿ ತೋಡಿದವನು, ರಸ್ತೆ ಹಾಕಿದವನು, ಅಂಗಡಿ ಇಟ್ಟು ಊರಿಗೆ ಕಳೆ ತಂದವನು ಇವರಾರೂ ಡ್ಯೂಕರಲ್ಲ. 1967ರಲ್ಲಿ ವಿಲ್ಸನ್ನರ ಲೇಬರ್ ಸರ್ಕಾರ, ದೀರ್ಘ ಲೀಸಿನ ಮನೆಗಳಲ್ಲಿ ಇರುವವರು ಫ್ರೀಹೋಲ್ಡನ್ನು ಕೊಳ್ಳಬಹುದೆಂದು ಕಾಯಿದೆ ಮಾಡಿತು. ಡ್ಯೂಕರ ಟ್ರಸ್ಟಿಗಳು "ನಮ್ಮ ಮಾನವ ಹಕ್ಕು ಹೋಯಿತು" ಎಂದು ಯೂರೋಪಿನ ನ್ಯಾಯಾಲಯದವರೆಗೆ ಹೋದರು. 1986ರಲ್ಲಿ ಆ ನ್ಯಾಯಾಲಯ ಅವರ ಅಹವಾಲನ್ನು ತಳ್ಳಿಹಾಕಿತು. ಸಾಮಾಜಿಕ ಅನ್ಯಾಯ ಸರಿಪಡಿಸಲು ಒಬ್ಬನ ಸ್ವತ್ತನ್ನು ಇನ್ನೊಬ್ಬನಿಗೆ ಕೊಡಿಸುವುದೂ ಸಾರ್ವಜನಿಕ ಹಿತವೇ ಆಗಬಹುದು ಎಂದಿತು. ನಮ್ಮ ಮಹನೀಯರು ಇಂಗ್ಲೆಂಡಿನಿಂದ ಕಲಿಯುವ ಪಾಠದಲ್ಲಿ ಈ ಪುಟವನ್ನು ಹರಿದು ಹಾಕಿದಂತೆ ಕಾಣುತ್ತದೆ.

ಕಾಗದ ದೊಡ್ಡದೋ, ಬಾಳುವೆ ದೊಡ್ಡದೋ?

ಇನ್ನು ದಾಖಲೆಯ ವಿಚಾರ. ಯಾರ ಹೆಸರು ಸರ್ಕಾರದ ದಫ್ತರದಲ್ಲಿ ಇದೆಯೋ ಅವನೇ ಹಕ್ಕುದಾರ ಎಂಬುದು ಇಂದಿನ ಇಂಗ್ಲಿಷ್ ಭೂ ಕಾನೂನಿನ ಬೆನ್ನೆಲುಬು. ದಫ್ತರದ ಕಚೇರಿ 1862ರಲ್ಲಿಯೇ ಆರಂಭವಾಯಿತು. ದೇಶದ ಎಲ್ಲ ಕಡೆ ಮಾರಾಟದ ಕಾಲಕ್ಕೆ ದಾಖಲೆ ಕಡ್ಡಾಯವಾದದ್ದು 1990ರಲ್ಲಿ. ಇಂದಿಗೂ ಹತ್ತರಲ್ಲಿ ಸುಮಾರು ಒಂದು ಪಾಲು ನೆಲ ದಫ್ತರಕ್ಕೆ ಏರಿಲ್ಲ. ಬಹುಕಾಲ ಮಾರಿದಾಗ ಮಾತ್ರ ದಾಖಲೆ ಮಾಡಿಸಬೇಕಾಗಿತ್ತು. ತಲೆತಲಾಂತರದಿಂದ ಮಾರದೆ ಹಿಡಿದು ಕೂತ ಮನೆತನಗಳಿಗೆ ಆ ಪ್ರಮೇಯವೇ ಬರಲಿಲ್ಲ.

ದಾಖಲೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹಣ ಹಾಕಿ, ಒಲೆ ಹಚ್ಚಿ, ಆ ಸೂರಿನ ಕೆಳಗೆ ಬಾಳುತ್ತಿರುವವರ ಹೆಸರು ಕಾಗದದಲ್ಲಿ ಇಲ್ಲದಿದ್ದರೆ? 1980ರಲ್ಲಿ ಬೋಲಂಡ್ ಮೊಕದ್ದಮೆ ಬಂತು. ಮನೆ ಗಂಡನ ಒಬ್ಬನ ಹೆಸರಿನಲ್ಲಿತ್ತು. ಹೆಂಡತಿಯೂ ಹಣ ಹಾಕಿದ್ದಳು. ಗಂಡ ತನ್ನ ವ್ಯಾಪಾರಕ್ಕಾಗಿ ಮನೆಯನ್ನು ಬ್ಯಾಂಕಿಗೆ ಅಡವಿಟ್ಟ. ಬ್ಯಾಂಕಿನವರು ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಹಣ ಹಾಕಿದ್ದಾಳೆ, ಮನೆಯಲ್ಲಿ ವಾಸವಾಗಿದ್ದಾಳೆ, ಅವಳ ಹಕ್ಕು ಬ್ಯಾಂಕನ್ನೂ ಕಟ್ಟುತ್ತದೆ ಎಂದು ಅತ್ಯುನ್ನತ ನ್ಯಾಯಪೀಠ ಹೇಳಿತು. ಭಲೇ ಎನ್ನೋಣವೇ? ತಾಳಿ. 1987ರಲ್ಲಿ ಫ್ಲೆಗ್ ಮೊಕದ್ದಮೆ. ವೃದ್ಧ ದಂಪತಿಗಳು ತಮ್ಮ ಮನೆ ಮಾರಿ, ಮಗಳು ಅಳಿಯನ ಜೊತೆ ಬಾಳಲು ಕೊಂಡ ಮನೆಗೆ ಅರ್ಧಕ್ಕಿಂತ ಹೆಚ್ಚು ಹಣ ಹಾಕಿದರು. ಕಾಗದದಲ್ಲಿ ಮಗಳು ಅಳಿಯ ಇಬ್ಬರ ಹೆಸರು ಮಾತ್ರ. ಮನೆ ಅಡವಾಯಿತು, ಸಾಲ ತೀರಲಿಲ್ಲ. ಇಲ್ಲಿ ವೃದ್ಧರು ಸೋತರು! ಕಾರಣ? ಬೋಲಂಡ್ ಮನೆಯಲ್ಲಿ ಸಾಲದ ಹಣ ಎಣಿಸಿಕೊಂಡ ಹಕ್ಕುದಾರ ಒಬ್ಬ, ಇಲ್ಲಿ ಇಬ್ಬರು. ಇಬ್ಬರು ಎಣಿಸಿಕೊಂಡರೆ ಉಳಿದವರ ಹಕ್ಕು ಮನೆಯನ್ನು ಬಿಟ್ಟು ಆ ಹಣಕ್ಕೆ ಅಂಟಿಕೊಳ್ಳುತ್ತದಂತೆ. ಹಣ ಖರ್ಚಾಗಿ ಹೋಗಿತ್ತು. ಇನ್ನು ಅಂಟಿಕೊಳ್ಳುವುದು ಯಾವುದಕ್ಕೆ? ಕಾಗದದಲ್ಲಿ ಒಂದು ಹೆಸರಿದ್ದರೆ ನ್ಯಾಯ, ಎರಡಿದ್ದರೆ ಬೀದಿ!

ಅಂಗಡಿಯವರೇ, ಕೇಳಿ

ಸಣ್ಣ ವ್ಯಾಪಾರಿಗಳಿಗೆ ಈ ಕಾನೂನಿನಲ್ಲಿ ಎರಡು ಪಾಠಗಳಿವೆ. 1985ರ ಸ್ಟ್ರೀಟ್ ವಿರುದ್ಧ ಮೌಂಟ್‌ಫರ್ಡ್ ಮೊಕದ್ದಮೆಯಲ್ಲಿ, ವಾರಕ್ಕೆ 37 ಪೌಂಡಿಗೆ ಕೋಣೆ ಕೊಟ್ಟ ಮಾಲೀಕ ಕಾಗದದಲ್ಲಿ "ಇದು ಬಾಡಿಗೆಯಲ್ಲ, ಬರೀ ಲೈಸೆನ್ಸು" ಎಂದು ಬರೆಸಿಕೊಂಡಿದ್ದ. ಬಾಡಿಗೆದಾರರಿಗೆ ಕಾಯಿದೆ ಕೊಟ್ಟ ರಕ್ಷಣೆ ತಪ್ಪಿಸುವ ಹೂಟ ಅದು. ನ್ಯಾಯಾಧೀಶ ಲಾರ್ಡ್ ಟೆಂಪಲ್‌ಮನ್ ಆ ಹೂಟವನ್ನು ಒಪ್ಪಲಿಲ್ಲ. ಕೋಣೆ ಪೂರ್ತಿ ಇವಳ ವಶದಲ್ಲಿದೆ, ಬಾಡಿಗೆ ಕೊಡುತ್ತಾಳೆ, ಅವಧಿ ಇದೆ. ಅಂದಮೇಲೆ ಇದು ಬಾಡಿಗೆಯೇ, ಕಾಗದದ ಮೇಲೆ ನೀನು ಏನು ಹೆಸರಿಟ್ಟರೂ ಸರಿ ಎಂದ. ಕತ್ತೆಗೆ ಕುದುರೆಯೆಂದು ಚೀಟಿ ಅಂಟಿಸಿದರೆ ಕತ್ತೆ ಕುದುರೆಯಾಗದು. "ಲೀವ್ ಅಂಡ್ ಲೈಸೆನ್ಸ್" ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಮಾಲೀಕರು ನಮ್ಮ ದೇಶದಲ್ಲಿಯೂ ಕಡಿಮೆಯಿಲ್ಲ. ಕಾಗದದ ತಲೆಬರಹ ನೋಡಬಾರದು, ಒಳಗಿನ ಸಾರ ನೋಡಬೇಕೆಂದು ನಮ್ಮ ಸುಪ್ರೀಂ ಕೋರ್ಟು 1959ರಲ್ಲಿಯೇ, ಅಸೋಸಿಯೇಟೆಡ್ ಹೋಟೆಲ್ಸ್ ಮೊಕದ್ದಮೆಯಲ್ಲಿ ಹೇಳಿದೆ.

ಎರಡನೆಯ ಪಾಠ ಕಹಿಯಾದದ್ದು. 1954ರ ಕಾಯಿದೆ ಇಂಗ್ಲೆಂಡಿನ ಅಂಗಡಿಕಾರನಿಗೆ ಅವಧಿ ಮುಗಿದ ಮೇಲೂ ಮಳಿಗೆಯ ಲೀಸನ್ನು ನವೀಕರಿಸಿಕೊಳ್ಳುವ ಹಕ್ಕು ಕೊಟ್ಟಿತು. ಕಾಯಿದೆ ಹೇಳಿದ ಕಾರಣಗಳಿಲ್ಲದೆ ಮಾಲೀಕ ಒಲ್ಲೆ ಎನ್ನುವಂತಿಲ್ಲ. ವ್ಯಾಪಾರದ ಒಳ್ಳೆಯ ಹೆಸರು ಕಟ್ಟಿದವನು ಅಂಗಡಿಯವನು, ಅದರ ಫಲ ಮಾಲೀಕ ದೋಚಬಾರದು ಎಂಬುದೇ ಅದರ ನ್ಯಾಯ. ಆದರೆ 1969ರಿಂದ, ಇಬ್ಬರೂ "ಒಪ್ಪಿದರೆ" ಈ ರಕ್ಷಣೆಯನ್ನು ಬಿಟ್ಟುಕೊಡಬಹುದು ಎಂದರು. ಮೊದಲು ಕೋರ್ಟಿನ ಅಪ್ಪಣೆ ಬೇಕಿತ್ತು. 2004ರಿಂದ ಒಂದು ಎಚ್ಚರಿಕೆಯ ನೋಟೀಸು, ಒಂದು ಹೇಳಿಕೆ ಸಾಕು. ಮಳಿಗೆ ಬೇಕೆಂದು ಬಾಗಿಲಲ್ಲಿ ನಿಂತವನು ಒಪ್ಪದೆ ಏನು ಮಾಡಿಯಾನು? ದೇವರು ವರ ಕೊಟ್ಟರೂ ಪೂಜಾರಿ ಕೊಡ.

ನಾಲ್ಕು ಸಲ ಕಟ್ಟಿದ್ದು, ನಾಲ್ಕು ಸಲ ಕೆಡವಿದ್ದು

ರೈಲು ನಿಲ್ದಾಣ ಬಂದರೆ ಪಕ್ಕದ ನೆಲದ ಬೆಲೆ ಹತ್ತು ಪಟ್ಟು ಏರುತ್ತದೆ. ನಿಲ್ದಾಣಕ್ಕೆ ಹಣ ಕೊಟ್ಟದ್ದು ಜನ, ಏರಿದ ಬೆಲೆ ಸೇರುವುದು ನೆಲದ ಧಣಿಯ ಜೇಬಿಗೆ. ಆ ಏರಿಕೆಯಲ್ಲಿ ಸಮಾಜಕ್ಕೆ ಪಾಲು ಕೊಡಿ ಎಂಬ ಪ್ರಶ್ನೆ ಇಂಗ್ಲೆಂಡಿನಲ್ಲಿ ಮತ್ತೆ ಮತ್ತೆ ಎದ್ದಿತು. 1909ರಲ್ಲಿ ಲಾಯ್ಡ್ ಜಾರ್ಜ್ ದುಡಿಯದೆ ಬಂದ ಏರಿಕೆಯ ಮೇಲೆ ಶೇಕಡಾ 20 ತೆರಿಗೆ ತಂದ. ಪ್ರಭುಗಳ ಸಭೆ ಆಯವ್ಯಯ ಪತ್ರವನ್ನೇ ತಿರಸ್ಕರಿಸಿತು. ಆ ರಂಪದಲ್ಲಿ ಪ್ರಭುಗಳ ಅಧಿಕಾರವೇ 1911ರಲ್ಲಿ ಮೊಟಕಾಯಿತು. ಆದರೂ 1920ರಲ್ಲಿ, ಅದೇ ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದಾಗಲೇ, ತೆರಿಗೆ ರದ್ದಾಯಿತು! 1947ರಲ್ಲಿ ಲೇಬರ್ ಸರ್ಕಾರ ಏರಿಕೆಯ ಪೂರ್ತಿ ಲಾಭ ಸಮಾಜಕ್ಕೆ ಎಂದಿತು; 1953ರಲ್ಲಿ ಕನ್ಸರ್ವೇಟಿವರು ಅದನ್ನು ತೆಗೆದರು. 1967ರಲ್ಲಿ ಶೇಕಡಾ 40ರ ಸುಂಕ ಬಂತು. ಹೀತ್ ಸರ್ಕಾರ ಬಂದು ಅದನ್ನೂ ತೆಗೆಯಿತು. 1975ರಲ್ಲಿ ಸಮುದಾಯ ಭೂಮಿ ಕಾಯಿದೆ. 1980ರಲ್ಲಿ ಥ್ಯಾಚರ್ ಕಾಲಕ್ಕೆ ಅದೂ ಹೋಯಿತು. 1947ರಿಂದ ಉಳಿದದ್ದು ಇಷ್ಟೇ: ಕಟ್ಟಬೇಕಾದರೆ ಅನುಮತಿ ಬೇಕು. ಅನುಮತಿ ಕೊಡುವುದು ಸಮಾಜ, ಲಾಭ ಉಣ್ಣುವುದು ಧಣಿ.

ಇದೆಲ್ಲ ಆಗದ ಹೋಗದ ಮಾತು ಎನ್ನುವವರು ಪಕ್ಕದ ಸ್ಕಾಟ್‌ಲೆಂಡನ್ನು ನೋಡಲಿ. ಅಲ್ಲಿನ ಭೂ ಕಾನೂನು ಬೇರೆ. ಊಳಿಗಮಾನ್ಯ ಹಿಡುವಳಿಯನ್ನು 2004ರಲ್ಲಿ ಬೇರುಸಹಿತ ಕಿತ್ತರು. 2003ರ ಕಾಯಿದೆಯಿಂದ ಜವಾಬ್ದಾರಿಯಿಂದ ನಡೆದುಕೊಳ್ಳುವವನಿಗೆ ಬಹುತೇಕ ಎಲ್ಲ ನೆಲದಲ್ಲಿಯೂ ಓಡಾಡುವ ಹಕ್ಕು ಬಂತು. ನೆಲ ಮಾರಾಟಕ್ಕೆ ಬಂದಾಗ ಹಳ್ಳಿಯ ಸಮುದಾಯವೇ ಮೊದಲು ಕೊಳ್ಳುವ ಹಕ್ಕನ್ನು ದಾಖಲಿಸಿಕೊಳ್ಳಲು ದಾರಿಯಾಯಿತು. ಆಕಾಶ ಕಳಚಿ ಬೀಳಲಿಲ್ಲ.

ನಮಗೂ ಇದಕ್ಕೂ ಏನು?

ಇಂಗ್ಲಿಷರು ತಮ್ಮ ಜಮೀನ್ದಾರಿಯ ಚಿತ್ರವನ್ನು ಕಣ್ಣಲ್ಲಿಟ್ಟುಕೊಂಡೇ 1793ರಲ್ಲಿ ಬಂಗಾಳದ ತೆರಿಗೆ ಎತ್ತುವವರನ್ನು ನೆಲದ ಒಡೆಯರನ್ನಾಗಿ ಮಾಡಿದರು. ನಮ್ಮ ಕನ್ನಡ ನಾಡಿನ ಬಹುಭಾಗಕ್ಕೆ ಆ ಪದ್ಧತಿ ಬರಲಿಲ್ಲ. ಆದರೆ ಅವರು 1882ರಲ್ಲಿ ಬರೆದ ಸ್ವತ್ತು ವರ್ಗಾವಣೆ ಕಾಯಿದೆ ಇಂದಿಗೂ ನಮ್ಮ ಕ್ರಯ, ಅಡವು, ಗುತ್ತಿಗೆಗಳ ಮೇಲೆ ನಿಂತಿದೆ. ಆ ಕಾಗದದ ಕಾನೂನಿಗೆ ಎದುರಾಗಿ 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತರು. ಉಳುವವನೇ ಹೊಲದೊಡೆಯ ಎಂಬ ಮಾತು ಕಾಯಿದೆಗೆ ಬಂತು; 1974ರಲ್ಲಿ ಗೇಣಿಯ ಭೂಮಿ ಸರ್ಕಾರದಲ್ಲಿ ವಿಹಿತವಾಗಿ ಉಳುವವನು ಹಕ್ಕಿಗೆ ಅರ್ಜಿ ಹಾಕುವಂತಾಯಿತು. 1978ರಲ್ಲಿ ಸಂವಿಧಾನ ತಿದ್ದಿ ಸ್ವತ್ತಿನ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆದರು. ಆದರೆ 2020ರಲ್ಲಿ ಇದೇ ರಾಜ್ಯದಲ್ಲಿ ಭೂಸುಧಾರಣಾ ಕಾಯಿದೆಯ 79-ಎ, 79-ಬಿ ಕಲಮುಗಳನ್ನು ತೆಗೆದು, ವ್ಯವಸಾಯ ಮಾಡದ ಹಣವಂತನಿಗೂ ಹೊಲದ ಬಾಗಿಲು ತೆರೆದರು. ಕಟ್ಟುವುದು ಒಂದು ತಲೆಮಾರು, ಕೆಡವುವುದು ಒಂದು ಅಧಿವೇಶನ.

ಆದ್ದರಿಂದ ಮುಂದೆ ಯಾರಾದರೂ ಭೂಮಿಯ ಕಾಯಿದೆ ಹಿಡಿದು ಬಂದರೆ ದುಡಿಯುವ ಜನ ಮೂರು ಪ್ರಶ್ನೆ ಕೇಳಬೇಕು. ಇಲ್ಲಿ ಬಾಳುತ್ತಿರುವವನು ಯಾರು, ದುಡಿಯುತ್ತಿರುವವನು ಯಾರು? ಈ ನೆಲದ ಬೆಲೆ ಏರಿಸಿದವರು ಯಾರು? ನೆಲ ಹಿಡಿದವನು ಸಮಾಜಕ್ಕೆ ಸಲ್ಲಿಸುವ ಊಳಿಗ ಯಾವುದು? ಈ ಮೂರಕ್ಕೂ ಉತ್ತರ ಕೊಡದ ಕಾಯಿದೆ, ಲಂಡನ್ನಿನಿಂದ ಬಂದರೂ ಬೆಂಗಳೂರಿನಿಂದ ಬಂದರೂ, ಬೇಲಿ ಕಾಯಿದೆಯೇ.

ಹೊಣೆಯಿಲ್ಲದೆ ನೆಲದ ಹಕ್ಕಿಲ್ಲ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ತತ್ವ. ಅದನ್ನು ಮರೆತವರು ಪ್ರಭುಗಳು, ನಾವಲ್ಲ. ಉಂಬಳಿ ಬೇಕೆನ್ನುವವನು ಊಳಿಗವನ್ನೂ ಹೊರಲಿ; ಹೊರಲಾರನಾದರೆ ನೆಲ ಬಿಟ್ಟು ಏಳಲಿ.